ಪುಟ್ಟ ಕೌದಿಗೆ ಅಂಟುಪಟ್ಟಿಯೋ, ಮೊಳೆಯೋ?

ಗೋಡೆಗೆ ಅಂಟಿಸಿ, ಬೇಡವಾದಾಗ ಎಳೆದು ತೆಗೆಯುವ ಅಂಟುಪಟ್ಟಿಗಳನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹಳೆಯ ಸೀರೆ, ರವಿಕೆ ತುಂಡುಗಳಿಂದ ನಾನು ಹೊಲಿಯುವ ಒಂದು, ಒಂದೂವರೆ ಅಡಿಯ ಪುಟ್ಟ ಕೌದಿಗಳನ್ನು ತೂಗುಹಾಕುವುದಕ್ಕೆಂದೇ ಕೊಂಡದ್ದು. ಐದಕ್ಕೆ ಎರಡೂವರೆ ನಕ್ಷತ್ರ ಕೊಡುತ್ತೇನೆ. ಅಷ್ಟೂ ಸಿಕ್ಕಿರುವುದು ಬಾಗಿಲು ಮತ್ತು ಟೈಲ್ಸ್ ಮೇಲೆ ಅದು ತೋರಿದ ನಿಷ್ಠೆಗೆ.

ನಮ್ಮದು ತುಮಕೂರಿನಲ್ಲಿ ಬಾಡಿಗೆ ಮನೆ. ಮನೆ ಕೊಡುವಾಗಲೇ ಮಾಲೀಕರು, ‘ನೋಡಮ್ಮ, ಗೋಡೆಗೆ ಮೊಳೆ ಮಾತ್ರ ಹೊಡೆಯಬೇಡಿ’ ಎಂದಿದ್ದರು. ಗೋಡೆಗೆ ಡಿಸ್ಟೆಂಪರ್. ಅಂಗೈಯಿಂದ ಸವರಿದರೆ ಬಿಳಿ ಪುಡಿ ಹತ್ತುತ್ತದೆ. ಅಂಟು ಹಿಡಿಯುವುದು ಆ ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ಸ್ಪಿರಿಟ್‌ನಿಂದ ಒರೆಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಭಾರ ಹಾಕಿ ಎಂದು ಪೊಟ್ಟಣದ ಮೇಲಿದೆ. ಹಾಗೆಯೇ ಮಾಡಿದೆ. ಒರೆಸಿದ ಬಟ್ಟೆಗೆ ಬಣ್ಣವೇ ಬಂತು. ಬೇಸಿಗೆಯ ಒಂದು ಮಧ್ಯಾಹ್ನ ಕೌದಿ ಕೆಳಗೆ ಬಿದ್ದಿತ್ತು, ಅಂಗೈಯಗಲದ ಡಿಸ್ಟೆಂಪರ್ ಹಕ್ಕಳೆಯನ್ನೂ ಜೊತೆಗೆ ಎಳೆದುಕೊಂಡು. ಮೊಳೆಯ ತೂತಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ! ಪೊಟ್ಟಣದ ಮೇಲೆ ಬರೆದಿರುವ ತೂಕದ ಲೆಕ್ಕ ನುಣುಪಾದ ಮೇಲ್ಮೈಗೆ ಮಾತ್ರ ಸಲ್ಲುತ್ತದೆ. ಎನಾಮೆಲ್ ಬಳಿದ ಬಾಗಿಲಿನ ಮೇಲೆ ಅದೇ ಪಟ್ಟಿ ಇಂದಿಗೂ ಅಲುಗಿಲ್ಲ.

ಇನ್ನೊಂದು ತಕರಾರು: ಪಟ್ಟಿಯನ್ನು ನೇರವಾಗಿ ಬಟ್ಟೆಗೆ ಅಂಟಿಸಲೇಬಾರದು. ಅಂಟಿನ ಕಲೆ ಉಳಿಯುತ್ತದೆ, ಬಿ.ಎಚ್. ರಸ್ತೆಯ ಧೂಳೆಲ್ಲ ಅಲ್ಲಿಗೇ ಬಂದು ಕೂರುತ್ತದೆ. ಪಟ್ಟಿ ಮರದ ಕಡ್ಡಿಗೆ ಇರಲಿ, ಕಡ್ಡಿ ಬಟ್ಟೆಯೊಳಗಿರಲಿ.

ಅಯಸ್ಕಾಂತವನ್ನೂ ಪ್ರಯತ್ನಿಸಿದೆ. ಉಕ್ಕಿನ ಬೀರುವಿನ ಪಕ್ಕದ ಬದಿಗೆ ಅದರಷ್ಟು ಸುಲಭದ್ದು ಬೇರೆ ಇಲ್ಲ. ಗುಂಡಿಯಷ್ಟು ಸಣ್ಣ ನಿಯೋಡಿಮಿಯಂ ಎಂಬ ಬಲವಾದ ಅಯಸ್ಕಾಂತದ ತುಂಡುಗಳೇ ಸಾಕು. ಆದರೆ ಕೌದಿಯ ಪದರಗಳು ಹೆಚ್ಚಿದಷ್ಟೂ ಹಿಡಿತ ಕುಗ್ಗುತ್ತದೆ. ನಾಲ್ಕು ಮಡಿಕೆ ಹಳೆಯ ಸೀರೆ ತುಂಬಿದ್ದು ಮೆಲ್ಲಗೆ ಜಾರುತ್ತಾ ನೆಲ ಸೇರಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇವು ಬೇಡವೇ ಬೇಡ, ನುಂಗಿದರೆ ಪ್ರಾಣಕ್ಕೇ ಅಪಾಯ. ಕಾಗದ ಹಿಡಿಯುವ ಕರಿ ಕ್ಲಿಪ್ಪುಗಳ ಬಗ್ಗೆ ಹೇಳುವುದೇನೂ ಇಲ್ಲ, ಬಟ್ಟೆಯ ಮೇಲೆ ಹಲ್ಲು ಮೂಡಿಸುತ್ತವೆ.

ಕೊನೆಗೆ ಗೆದ್ದದ್ದು ಹಳೆಯ ಉಪಾಯ. ಕೌದಿಯ ಹಿಂಬದಿ, ಮೇಲಂಚಿನ ಕೆಳಗೆ, ಲಂಗಕ್ಕೆ ಲಾಡಿ ತೂರಿಸಲು ಹೊಲಿಯುವಂತೆ ಒಂದು ಬಟ್ಟೆಯ ಪಟ್ಟಿ ಹೊಲಿದು, ಅದರೊಳಗೆ ಕಡ್ಡಿ ತೂರಿಸುವುದು. ಎರಡೂ ತುದಿಗಳಲ್ಲಿ ಅರ್ಧ ಇಂಚು ಬಿಟ್ಟರೆ ಕಡ್ಡಿಯ ತುದಿ ಮುಂದಿನಿಂದ ಕಾಣುವುದಿಲ್ಲ. ಪಟ್ಟಿಯನ್ನು ಬಿಗಿಯಾಗಿ ಎಳೆದು ಹೊಲಿಯಬಾರದು, ಸ್ವಲ್ಪ ಸಡಿಲವಿರಬೇಕು. ಇಲ್ಲದಿದ್ದರೆ ಕಡ್ಡಿಯ ಉಬ್ಬು ಮುಂದೆ ಮೂಡುತ್ತದೆ. ಕೈಹೊಲಿಗೆಯಾದರೆ ಸೂಜಿ ಹಿಂಬಟ್ಟೆಯನ್ನೂ ಒಳಗಿನ ಪದರವನ್ನೂ ಮಾತ್ರ ಹಿಡಿಯಲಿ, ಮುಂದಕ್ಕೆ ದಾಟದಿರಲಿ. ಕಡ್ಡಿ ದುಂಡಗಿರುವುದಕ್ಕಿಂತ ಚಪ್ಪಟೆಯಾಗಿದ್ದರೆ ಚೆನ್ನ, ಕೌದಿ ಗೋಡೆಗೆ ಒರಗಿ ನಿಲ್ಲುತ್ತದೆ. ಸಾಮಿಲ್‌ನಲ್ಲಿ ಸಿಗುವ ತೆಳ್ಳನೆಯ ಮರದ ಪಟ್ಟಿ, ಅಂದರೆ ರೀಪರ್ ತುಂಡು ಸಾಕು, ಆದರೆ ಏನೂ ಬಳಿಯದ ಬರಿ ಮರವನ್ನು ಹಾಗೆಯೇ ತೂರಿಸಬೇಡಿ. ಮರದಿಂದ ಹೊರಡುವ ಆಮ್ಲ ವರ್ಷಗಳು ಕಳೆದಂತೆ ಬಟ್ಟೆಯನ್ನು ಹಳದಿಯಾಗಿಸುತ್ತದೆ. ವಾರ್ನಿಷ್ ಬಳಿದು ಪೂರ್ತಿ ಒಣಗಿಸಿ. ನಾನೀಗ ಅಲ್ಯೂಮಿನಿಯಂ ಕಿಟಕಿ ಮಾಡುವವರ ಬಳಿ ಉಳಿದ ಪಟ್ಟಿಯ ತುಂಡುಗಳನ್ನೇ ಕೇಳಿ ತರುತ್ತೇನೆ.

ಒಂದು ಅಡಿಗಿಂತ ಕಿರಿದಾದದ್ದಕ್ಕೆ ಇಷ್ಟೂ ಬೇಡ. ಎರಡು ಚೌಕ ಬಟ್ಟೆಗಳನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಮೇಲಿನ ಎರಡು ಮೂಲೆಗಳಲ್ಲಿ ಅಂಚಿನ ಜೊತೆಯಲ್ಲೇ ಸೇರಿಸಿ ಹೊಲಿದರೆ ತ್ರಿಕೋನ ಜೇಬುಗಳಾಗುತ್ತವೆ. ಕಡ್ಡಿಯ ತುದಿಗಳನ್ನು ಅದರೊಳಗೆ ಸಿಕ್ಕಿಸಿ, ನಡುವೆ ಒಂದೇ ಮೊಳೆಗೆ ತೂಗುಹಾಕಿ.

ಮೊಳೆ? ಹಕ್ಕಳೆ ಎದ್ದ ಗೋಡೆಯನ್ನು ಮಾಲೀಕರಿಗೇ ತೋರಿಸಿದೆ. ಅದನ್ನು ನೋಡಿದ ಮೇಲೆ ‘ಸಣ್ಣ ಮೊಳೆ ಪರವಾಗಿಲ್ಲ’ ಎಂದರು. ಸಿಮೆಂಟ್ ಗಾರೆಗೆ ಮಾಮೂಲಿ ಮೊಳೆ ಬಾಗುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೀಲ್ ಮೊಳೆ ಎಂದೇ ಕೇಳಿ. ಡ್ರಿಲ್ ಬೇಕಾಗುವಷ್ಟು ಭಾರ ಇವಕ್ಕಿಲ್ಲ.

ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆ, ಟೈಲ್ಸ್, ಲ್ಯಾಮಿನೇಟ್ ಕಪಾಟು ಇರುವವರು ಅಂಟುಪಟ್ಟಿ ಕೊಳ್ಳಬಹುದು. ತೆಗೆಯುವಾಗ ಮಾತ್ರ ಪಟ್ಟಿಯ ಕೆಳಗೆ ಚಾಚಿರುವ ಬಾಲವನ್ನು ಗೋಡೆಗುಂಟ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ಬಣ್ಣವೂ ಕಿತ್ತು ಬರುತ್ತದೆ.