8 ಎಂಎಲ್ ಅಂದ್ರೆ ಯಾವ್ದು 8 ಎಂಎಲ್ ಅಂತ ಕೇಳಿ, ಆಮೇಲೆ ಟ್ಯಾಂಕಿಗೆ ಹಾಕಿ

ಮನೇಲಿ ರೀಫ್ ಟ್ಯಾಂಕ್, ಅಂದ್ರೆ ಹವಳ, ಸಮುದ್ರದ ಮೀನು ಸಾಕೋ ಉಪ್ಪು ನೀರಿನ ಟ್ಯಾಂಕ್ ಇಟ್ಕೊಂಡು, ಮೀನಿನ ಊಟ ಗಲೀಜಿಂದ ನೀರಲ್ಲಿ ಸೇರ್ಕೊಳ್ಳೋ ನೈಟ್ರೇಟ್ ಇಳೀತಿಲ್ಲ ಅಂತ ತಲೆ ಕೆಡಿಸ್ಕೊಂಡು, ವೋಡ್ಕಾನೋ ವಿನೆಗರ್ರೋ ಸಕ್ಕರೆನೋ ಹಾಕಿ ನೋಡೋಣ ಅಂತಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಾಲ್ಕು ವರ್ಷ ಸಾಕಿದ ಮೀನನ್ನ ಒಂದೇ ರಾತ್ರೀಲಿ ಕಳ್ಕೊಂಡಿದೀನಿ, ರೋಗ ಗೀಗ ಏನಿಲ್ಲ, ನನ್ನ ಕೈಯಾರೆ ಆಗಿದ್ದು.

ನಮ್ದು ಬೆಂಗಳೂರು, ನಾಲ್ಕಡಿ ಟ್ಯಾಂಕು, ಅದರ ಕೆಳಗೆ ಫಿಲ್ಟರ್ ಎಲ್ಲಾ ಇಡೋ ಸಣ್ಣ ತೊಟ್ಟಿ (ಸಂಪ್) ಸೇರಿ ಸುಮಾರು 300 ಲೀಟರ್ ನೀರು. ಎಲ್ಲಾ ಸಾಫ್ಟ್ ಕೋರಲ್ಲೇ, ಅಂದ್ರೆ ಮೆತ್ತನೆ ಹವಳ, ಲೆದರ್, ಮಶ್ರೂಮ್, ಒಂದಿಷ್ಟು ಜೋವಾ. ಮೀನು ಅಂದ್ರೆ ಫಾಕ್ಸ್‌ಫೇಸ್ ಒಂದು, ಕ್ಲೌನ್ ಜೋಡಿ, ಒಂದು ಗೋಬಿ, ಜೊತೆಗೆ ಎರಡು ಕ್ಲೀನರ್ ಸೀಗಡಿ. ನೈಟ್ರೇಟ್ ಮಾತ್ರ 50 ಪಿಪಿಎಂ ಬಿಟ್ಟು ಅಲ್ಲಾಡ್ತಿರ್ಲಿಲ್ಲ. ವಾರಾವಾರ ನೀರು ಬದಲಾಯಿಸಿ ಬದಲಾಯಿಸಿ ಸೊಂಟ ಬಿದ್ದೋಗಿತ್ತು, ಉಪ್ಪಿನ ಖರ್ಚು ಬೇರೆ.

ಹೀಗೆ ವೋಡ್ಕಾ ವಿನೆಗರ್ ಹಾಕೋದಕ್ಕೆ ಕಾರ್ಬನ್ ಡೋಸಿಂಗ್ ಅಂತಾರೆ, ಗೊತ್ತಿಲ್ದೇ ಇರೋರಿಗೆ ಸುಮ್ನೆ ಹೇಳ್ತೀನಿ. ಬ್ಯಾಕ್ಟೀರಿಯಾ ಬೆಳೀಬೇಕು ಅಂದ್ರೆ ಕಾರ್ಬನ್, ನೈಟ್ರೋಜನ್, ಫಾಸ್ಫರಸ್ ಮೂರೂ ಬೇಕು. ಮೀನಿಗೆ ಹಾಕೋ ಊಟದಿಂದ ನೈಟ್ರೋಜನ್ನು ಫಾಸ್ಫರಸ್ಸು ಟ್ಯಾಂಕಲ್ಲಿ ಸಾಮಾನ್ಯವಾಗಿ ಬೇಕಾದಷ್ಟಿರುತ್ತೆ, ಕೊರತೆ ಇರೋದು ಕಾರ್ಬನ್ನಿಗೆ. ಅದನ್ನ ವೋಡ್ಕಾ ರೂಪದಲ್ಲಿ ಕೊಟ್ರೆ ಅವು ಬೆಳ್ಕೊಂಡು ನೈಟ್ರೇಟು ಫಾಸ್ಫೇಟು ಎರಡನ್ನೂ ಮೈಗೆ ಎಳ್ಕೊಳ್ತವೆ, ಆ ಬ್ಯಾಕ್ಟೀರಿಯಾನ ಸ್ಕಿಮ್ಮರ್ (ನೀರಿಗೆ ಗಾಳಿ ಗುಳ್ಳೆ ಬೆರೆಸಿ ಕೊಳೆನ ನೊರೆ ಮಾಡಿ ಕಪ್ಪಲ್ಲಿ ಹಿಡಿಯೋ ಮೆಷಿನ್ನು) ನೊರೆ ಜೊತೆ ಹೊರಗೆ ತೆಗ್ಯುತ್ತೆ. ಐಡಿಯಾ ಚೆನ್ನಾಗೇ ಇದೆ, ತುಂಬಾ ಜನಕ್ಕೆ ವರ್ಕೂ ಆಗಿದೆ, ಅದನ್ನ ನಾನು ಇಲ್ಲ ಅನ್ನಲ್ಲ.

ಸರಿ, ವೈನ್ ಶಾಪಿಗೆ ಹೋಗಿ ಫ್ಲೇವರ್ ಇಲ್ದೇ ಇರೋ ವೋಡ್ಕಾ ಒಂದು ಕ್ವಾರ್ಟರ್ ತಂದೆ. ಫ್ರಿಜ್ಜಲ್ಲಿ ಅದನ್ನ ನೋಡಿದ ಅಮ್ಮ "ಮೀನಿಗೆ ಎಣ್ಣೆ ಹಾಕೋದು ಎಲ್ಲಾದ್ರೂ ಉಂಟೇನೋ, ನಿಂಗೆ ಕುಡಿಯೋಕೊಂದು ನೆಪ" ಅಂದ್ರು. ಒಂದು ಎಂಎಲ್ ಸಿರಿಂಜ್ ತೋರ್ಸಿದ್ಮೇಲೆ ಅರ್ಧ ನಂಬಿದ್ರು. ದಿನಾ 0.3 ಎಂಎಲ್ಲಿಂದ ಶುರು ಮಾಡಿ ಮೂರು ವಾರದಲ್ಲಿ ನಿಧಾನಕ್ಕೆ 1 ಎಂಎಲ್ಲಿಗೆ ಬಂದೆ. ಅಲ್ಲೀವರೆಗೂ ನಾನು ಒಳ್ಳೆ ಹುಡುಗ. ಆದ್ರೆ ಟೆಸ್ಟ್ ಮಾಡಿದಾಗೆಲ್ಲ ಟ್ಯೂಬಲ್ಲಿ ಅದೇ ಕೆಂಪು, ಅಂದ್ರೆ ನೈಟ್ರೇಟ್ ಇಳಿದಿಲ್ಲ.

ಮೀನಿನ ಅಂಗಡೀಲಿ ಹೋಗಿ ಗೋಳು ಹೇಳ್ಕೊಂಡೆ. ಅಲ್ಲಿನವರು "ಒಂದು ಎಂಎಲ್ಲಾ? ಅದೆಲ್ಲಿ ಸಾಕಾಗುತ್ತೆ ಸರ್, ನಾನು ನಿಮ್ಮಷ್ಟೇ ಟ್ಯಾಂಕಿಗೆ ದಿನಾ 8 ಹಾಕ್ತೀನಿ, ಏನೂ ಆಗಲ್ಲ" ಅಂದ್ರು. ನಾನೂ ಹಿಂದೆಮುಂದೆ ನೋಡ್ದೆ ಶುಕ್ರವಾರ ರಾತ್ರಿ 8 ಎಂಎಲ್ ಸುರಿದೆ.

ಶನಿವಾರ ಸಾಯಂಕಾಲ ಆಫೀಸಿಂದ ಬಂದು ನೋಡಿದ್ರೆ ಸ್ಕಿಮ್ಮರಿನ ನೊರೆ ಕಪ್ ಉಕ್ಕಿ, ಇಡ್ಲಿ ಹಿಟ್ಟು ಉಬ್ಬಿ ಪಾತ್ರೆ ದಾಟುತ್ತಲ್ಲ ಆ ಥರ, ನೊರೆ ಎಲ್ಲಾ ನೆಲದ ಮೇಲೆ. ಪೈಪೊಳಗೆ ಬಿಳಿ ಲೋಳೆ ಎಳೆ ಎಳೆಯಾಗಿ ತೂಗಾಡ್ತಿದೆ, ನೀರು ಒಂಚೂರು ಮಬ್ಬು. ಅಲ್ಲೇ ನಿಲ್ಲಿಸ್ಬೇಕಿತ್ತು. ನಾನೇನ್ ಮಾಡ್ದೆ? ಬೆಳಗ್ಗೆ ಐದಕ್ಕೆ ತಿಪಟೂರಿಗೆ ಮದುವೆಗೆ ಹೊರಡೋದಿತ್ತು, ಮತ್ತೆ ಉಕ್ಕಿ ನೆಲ ಹಾಳಾಗೋದು ಬೇಡ ಅಂತ ಸ್ಕಿಮ್ಮರ್ ಆಫ್ ಮಾಡ್ದೆ, ಎರಡು ದಿನ ಇರಲ್ವಲ್ಲ ಅಂತ ಮೀನಿಗೆ ಡಬಲ್ ಊಟ ಹಾಕ್ದೆ, ಒಂಬತ್ತು ಗಂಟೆಗೆ ಇನ್ನೊಂದು 8 ಎಂಎಲ್ ಬಿಟ್ಟು ಲೈಟ್ ಆರಿಸಿ ಮಲಗ್ದೆ.

ನಾಲ್ಕೂವರೆಗೆ ಎದ್ದು ಮೊಬೈಲ್ ಟಾರ್ಚ್ ಬಿಟ್ರೆ ಟ್ಯಾಂಕಿನ ಹಿಂದಿನ ಗಾಜೇ ಕಾಣ್ತಿಲ್ಲ. ಅಕ್ಕಿ ತೊಳೆದ ನೀರು, ಹಾಗೇ. ಫಾಕ್ಸ್‌ಫೇಸ್ ಕಲ್ಲಿನ ಸಂದೀಲಿ ಪಕ್ಕಕ್ಕೆ ಒರಗಿತ್ತು, ಸಾಯೋ ಮುಂಚೆ ಅದರ ಹಳದಿ ಮೈ ಪೂರ್ತಿ ಕಂದು ಮಚ್ಚೆ ಆಗೋಗಿತ್ತು. ಗೋಬಿ ಮರಳ ಮೇಲೆ. ಕ್ಲೌನ್ ಎರಡೂ ಮೇಲೆ ರಿಟರ್ನ್ ಪೈಪಿನ ಬಾಯಿಗೆ ಬಂದು ಬಾಯಿ ಬಡೀತಿದ್ವು. ಮನೇಲಿ ಒಂದು ಏರ್ ಪಂಪೂ ಇರ್ಲಿಲ್ಲ, ಸ್ಕಿಮ್ಮರ್ ಇದೆಯಲ್ಲ ಯಾಕೆ ಅಂತ. ಆ ಸ್ಕಿಮ್ಮರ್ರನ್ನ ಕಪ್ ತೆಗೆದು ಆನ್ ಮಾಡಿ, ಟ್ಯಾಂಕೊಳಗೆ ನೀರು ಓಡಿಸೋ ಪಂಪಿನ (ಪವರ್‌ಹೆಡ್) ಮೂತಿ ಮೇಲಕ್ಕೆ ತಿರುಗಿಸಿ, ಡ್ರಮ್ಮಲ್ಲಿ ಕಲಸಿಟ್ಟಿದ್ದ 60 ಲೀಟರ್ ಉಪ್ಪು ನೀರು ಬದಲಾಯಿಸಿ, ಆಮೇಲೆ ಚೊಂಬಲ್ಲಿ ಮೊಗೆದು ಮೊಗೆದು ಎತ್ತರದಿಂದ ಸುರಿಯೋಕೆ ಶುರು ಮಾಡ್ದೆ. ರೇಷ್ಮೆ ಸೀರೆ ಉಟ್ಟು ರೆಡಿಯಾಗಿದ್ದ ಅಮ್ಮ ಏನೂ ಕೇಳ್ಲಿಲ್ಲ, ಸೆರಗು ಸಿಕ್ಕಿಸ್ಕೊಂಡು ಇನ್ನೊಂದು ಚೊಂಬು ತಗೊಂಡ್ರು. ಏಳು ಗಂಟೆವರೆಗೂ ಇಬ್ರೂ ಸುರಿದ್ವಿ. ಮದುವೆ ತಪ್ತು. ಕ್ಲೌನ್ ಜೋಡಿ ಉಳೀತು, ಸೀಗಡಿ ಎರಡೂ ಹೋದ್ವು.

ಆಮೇಲೆ ಕೂತು ಲೆಕ್ಕ ಹಾಕಿದೆ, ನೋಡಿ. ಬಾಟ್ಲಿ ಮೇಲೆ 42.8% ಅಂತಿತ್ತು, ಹಂಗಂದ್ರೆ 8 ಎಂಎಲ್ಲಲ್ಲಿ ಆಲ್ಕೋಹಾಲ್ ಸುಮಾರು 2.7 ಗ್ರಾಂ. ಬ್ಯಾಕ್ಟೀರಿಯಾ ಅದನ್ನ ಪೂರ್ತಿ ತಿಂದು ಸುಡೋಕೆ ನೀರಲ್ಲಿರೋ ಆಕ್ಸಿಜನ್ ಸುಮಾರು 5.6 ಗ್ರಾಂ ಬೇಕು. ಬೆಚ್ಚಗಿನ ಉಪ್ಪು ನೀರಲ್ಲಿ ಆಕ್ಸಿಜನ್ ಮೊದ್ಲೇ ಕಮ್ಮಿ, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರೋದ್ರಿಂದ ಮಂಗಳೂರಿಗಿಂತ ನಮ್ಮಲ್ಲಿ ಹತ್ತು ಪರ್ಸೆಂಟ್ ಇನ್ನೂ ಕಮ್ಮಿ, ಲೀಟರಿಗೆ 6 ಮಿಲಿಗ್ರಾಂ ಆಸುಪಾಸು. 300 ಲೀಟರಿಗೆ ಎಷ್ಟಾಯ್ತು, 1.8 ಗ್ರಾಂ. ಅರ್ಧ ಆಲ್ಕೋಹಾಲ್ ಬ್ಯಾಕ್ಟೀರಿಯಾ ಮೈ ಬೆಳೆಸ್ಕೊಳ್ಳೋಕೇ ಹೋಯ್ತು ಅಂದ್ಕೊಂಡ್ರೂ ಟ್ಯಾಂಕಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ ಕೇಳ್ತಿತ್ತು. ಸಾಲದ್ದಕ್ಕೆ ಗಾಳಿ ಬೆರೆಸೋ ಸ್ಕಿಮ್ಮರ್ರನ್ನ ನಾನೇ ಆಫ್ ಮಾಡಿದೀನಿ, ರಾತ್ರಿ ಆದ್ರಿಂದ ಪಾಚಿ ಕೋರಲ್ಲು ಕೂಡ ಆಕ್ಸಿಜನ್ ಬಿಡೋ ಬದ್ಲು ಅವೂ ಎಳ್ಕೊಳ್ತಿದ್ವು. ಮೀನು ಹೋಗಿದ್ದು ಉಸಿರು ಕಟ್ಟಿ.

ಅಂಗಡಿಯವರಿಗೆ ಫೋನ್ ಮಾಡಿ ಜಗಳಕ್ಕೇ ನಿಂತೆ. ಅವರು ತಣ್ಣಗೆ "ಸರ್, ನಾನು ಹೇಳಿದ್ದು ವಿನೆಗರ್" ಅಂದ್ರು. ಅಡುಗೆಮನೆ ವಿನೆಗರಲ್ಲಿ ಆಸಿಡ್ಡು ನಾಲ್ಕೈದು ಪರ್ಸೆಂಟ್ ಅಷ್ಟೇ ಇರೋದು, ವೋಡ್ಕಾದಲ್ಲಿ ಅದಕ್ಕಿಂತ ಒಂಬತ್ತು ಹತ್ತು ಪಟ್ಟು ಕಾರ್ಬನ್. ಅಂದ್ರೆ ಅವರ 8 ಎಂಎಲ್ಲಿಗೆ ಸಮ ನಾನು ಮೊದ್ಲೇ ಹಾಕ್ತಿದ್ದ ಆ 1 ಎಂಎಲ್! ಅವರು ಯಾವ್ದು ಅಂತ ಹೇಳ್ಲಿಲ್ಲ ನಿಜ, ನಾನೂ ಕೇಳ್ಲಿಲ್ಲ.

ಹಾಗಾದ್ರೆ ಮೂರು ವಾರ ನೈಟ್ರೇಟ್ ಯಾಕೆ ಇಳೀಲಿಲ್ಲ ಅಂತೀರಾ, ಡೋಸ್ ಕಮ್ಮಿ ಆಗಿ ಅಲ್ಲ. ಸಂಪಲ್ಲಿ ಫಾಸ್ಫೇಟ್ ಹೀರೋ ಚೀಲ ಒಂದು ಮೊದಲಿಂದ ನೇತಾಕಿದ್ದೆ, ಫಾಸ್ಫೇಟ್ ಸೊನ್ನೆ ಬರ್ತಿತ್ತು, ಸೊನ್ನೆ ಬಂದ್ರೆ ಖುಷಿ ಬೇರೆ ಪಡ್ತಿದ್ದೆ. ಫಾಸ್ಫೇಟ್ ಇಲ್ದೇ ಬ್ಯಾಕ್ಟೀರಿಯಾ ನೈಟ್ರೇಟನ್ನ ಮುಟ್ಟೋದೂ ಇಲ್ಲ. ಆ ಡಬಲ್ ಊಟದಲ್ಲಿ ಫಾಸ್ಫೇಟ್ ಸಿಕ್ಕಿದ್ದೇ ತಡ ಒಟ್ಟಿಗೆ ಎದ್ವು ಅನ್ಸುತ್ತೆ.

ಈಗ ಡೋಸಿಂಗೇ ಬಿಟ್ಟಿದೀನಿ. ಚೀಲ ತೆಗೆದೆ, ಊಟ ಕಮ್ಮಿ ಮಾಡ್ದೆ, ನೈಟ್ರೇಟ್ 20ರ ಹತ್ರ ಇದೆ, ನನ್ನ ಸಾಫ್ಟ್ ಕೋರಲ್ಲಿಗೆ ಅಷ್ಟಿದ್ರೆ ಏನೂ ತೊಂದ್ರೆ ಇಲ್ಲ, ಮೊದ್ಲೂ ಇರ್ಲಿಲ್ಲ ಅನ್ನೋದೇ ಹೊಟ್ಟೆ ಉರಿಸೋ ವಿಷಯ. ನೀವು ಮಾಡ್ಲೇಬೇಕು ಅಂದ್ರೆ ಬೆಳಗ್ಗೆ ಲೈಟ್ ಬಂದ್ಮೇಲೆ ಹಾಕಿ, ಸ್ಕಿಮ್ಮರ್ ಕೈಕೊಟ್ಟ ದಿನ ಹಾಕ್ಬೇಡಿ, ನೀರು ಮಬ್ಬಾದ್ರೆ ಆವತ್ತೇ ನಿಲ್ಲಿಸಿ, ಕರೆಂಟ್ ಹೋದ್ರೆ ಓಡೋ ಬ್ಯಾಟರಿ ಏರ್ ಪಂಪ್ ಮನೇಲಿರ್ಲಿ. ಊರಿಗೆ ಹೋಗೋ ಹಿಂದಿನ ದಿನವಂತೂ ಡೋಸ್ ಏರಿಸ್ಲೇಬೇಡಿ.

ಕ್ವಾರ್ಟರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹಾಗೇ ಉಳಿದಿದೆ. ಅಮ್ಮ ಅದನ್ನ ಬಟ್ಟೆಗೆ ಹಾಕ್ಕೊಂಡು ಟ್ಯಾಂಕಿನ ಗಾಜು ಒರೆಸ್ತಾರೆ, ಹೊರಗಡೆ ಮಾತ್ರ.