ಕಂಪನಿ ನಿಲ್ಲಿಸಿದ ರೆಗ್ಯುಲೇಟರ್ ಕೊಳ್ಳಬಹುದಾ? ಸ್ಕೂಬಾಪ್ರೊ ಎಂಕೆ10/ಜಿ250 ಜೊತೆ ಏಳು ವರ್ಷ

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ. ಯಾರೋ ಹಳೇ ಸ್ಕೂಬಾಪ್ರೊ ಜಿ250 ರೆಗ್ಯುಲೇಟರ್ (ನೀರಿನಡಿ ಇಳಿಯುವವರು ಸಿಲಿಂಡರ್‌ನ ಗಾಳಿ ಉಸಿರಾಡಲು ಬಳಸುವ ಸಾಧನ) ಮಾರುತ್ತಿದ್ದಾರಂತೆ, 9 ಸಾವಿರಕ್ಕೆ. "ನಿನ್ನ ಹತ್ರಾನೂ ಅದೇ ಇದೆಯಲ್ಲ, ತಗೊಳ್ಳಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳು" ಅಂದ. ಒಂದೇ ಮಾತಲ್ಲಿ ಹೇಳಲು ಆಗಲಿಲ್ಲ. ಅರ್ಧ ಗಂಟೆ ಕೊರೆದೆ. ಅವನಿಗೆ ಹೇಳಿದ್ದು, ಹೇಳಲು ಮರೆತದ್ದು ಎರಡೂ ಇಲ್ಲಿದೆ.

ನಾನು ನನ್ನದನ್ನು ಕೊಂಡದ್ದು 2018ರಲ್ಲಿ, ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ. ಕುಂದಾಪುರದ ಕಡೆಯ ಒಬ್ಬ ಡೈವಿಂಗ್ ಮಾಸ್ತರರು ಊರಿಗೆ ವಾಪಸ್ ಹೊರಟಿದ್ದರು. ಸಾಮಾನೆಲ್ಲ ಮಾರುತ್ತಿದ್ದರು. ಫಸ್ಟ್ ಸ್ಟೇಜ್ (ಸಿಲಿಂಡರ್‌ಗೆ ಕೂರುವ ಭಾಗ) ಎಂಕೆ10, ಸೆಕೆಂಡ್ ಸ್ಟೇಜ್ (ಬಾಯಿಗಿಡುವ ಭಾಗ) ಜಿ250, ಜೊತೆಗೆ ಒಂದು ಹಳದಿ ಆಕ್ಟೊಪಸ್ (ತುರ್ತಿಗೆ ಇಟ್ಟುಕೊಳ್ಳುವ ಇನ್ನೊಂದು ಸೆಕೆಂಡ್ ಸ್ಟೇಜ್) ಮತ್ತು ಗೇಜ್. ಎಲ್ಲ ಸೇರಿ 16 ಸಾವಿರ. ಎರಡೂ ಮಾಡೆಲ್ ಕಂಪನಿ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. "ತಗೊಳ್ಳಿ ಮಾರಾಯ್ರೆ, ಇದಕ್ಕೆ ಎಂಥದೂ ಆಗುವುದಿಲ್ಲ" ಅಂದರು. ಮಾರುವವರು ಬೇರೇನು ಹೇಳುತ್ತಾರೆ, ಅಲ್ವಾ?

ಬೆಂಗಳೂರಿಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಹೆಂಡತಿ ಒಂದು ಸುತ್ತು ನೋಡಿ ಕೇಳಿದ್ದು ಇಷ್ಟೇ: "ರೀ, ಹಳೇ ಬೈಕಾದ್ರೆ ಕೆಟ್ಟಾಗ ರಸ್ತೆ ಪಕ್ಕ ನಿಲ್ಲಿಸಬಹುದು. ಇದನ್ನ ಎಲ್ಲಿ ನಿಲ್ಲಿಸ್ತೀರಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ನನಗೆ ಬೈಕಿನ ಉದಾಹರಣೆಯೇ ಉತ್ತರವೂ ಆಯಿತು. ನಮ್ಮಪ್ಪನ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆಮೇಲೂ ಆ ಗಾಡಿ ವರ್ಷಗಟ್ಟಲೆ ಓಡಿತು. ಯಾಕೆ? ಬಿಡಿಭಾಗ ಸಿಗುತ್ತಿತ್ತು, ಬಿಚ್ಚಿ ಜೋಡಿಸುವ ಮೇಸ್ತ್ರಿ ಇದ್ದ. ಅದೇ ಕಾಲದ ನಮ್ಮ ಟೇಪ್ ರೆಕಾರ್ಡರ್ ಚೆನ್ನಾಗಿಯೇ ಇತ್ತು, ಒಂದು ಬೆಲ್ಟ್ ಸಿಗದೆ ಗುಜರಿಗೆ ಹೋಯಿತು. ಹಳೇ ರೆಗ್ಯುಲೇಟರ್ ಕೊಳ್ಳುವಾಗಲೂ ಕೇಳಬೇಕಾದ್ದು ಇದೇ. ಮಾಡೆಲ್ ನಿಂತಿದೆಯಾ ಅಂತಲ್ಲ, ಅದರೊಳಗೆ ಸವೆಯುವ ನಾಲ್ಕಾರು ಚಿಕ್ಕ ಭಾಗ ಇನ್ನೂ ಸಿಗುತ್ತದಾ ಅಂತ.

ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ತುಂಬಿದ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ ಸುಮಾರು 200 ಬಾರ್. ಸಿಲಿಂಡರ್‌ಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು 9-10 ಬಾರ್‌ಗೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಸೆಕೆಂಡ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ, ನೀವು ಉಸಿರೆಳೆದಾಗ ಮಾತ್ರ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ಟೊ ಮತ್ತು ಗಾನ್ಯಾನ್ ಆಕ್ವಾ ಲಂಗ್ ಮಾಡಿದಾಗಿನಿಂದ ಕೆಲಸ ಇದೇ. ಮೊಬೈಲ್ ಥರ ಎರಡು ವರ್ಷಕ್ಕೆ ಹಳತಾಗುವ ವಸ್ತು ಇದಲ್ಲ.

ಹೆಂಡತಿಯ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಇಂಥ ಸೆಕೆಂಡ್ ಸ್ಟೇಜ್‌ನ ಕವಾಟ ಗಾಳಿ ಹರಿದುಹೋಗುವ ದಿಕ್ಕಿಗೇ ತೆರೆಯುತ್ತದೆ. ಹಾಗಾಗಿ ಕೆಟ್ಟರೆ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಭರ್ರ್ ಅಂತ ಜಾಸ್ತಿ ಬರುತ್ತದೆ. ಸಿಲಿಂಡರ್ ಬೇಗ ಖಾಲಿಯಾಗುತ್ತದೆ ನಿಜ. ಆದರೆ ಮೇಲೆ ಬರಲು ಸಮಯ ಸಿಗುತ್ತದೆ, ಪಕ್ಕದಲ್ಲಿ ಜೊತೆಗಾರನ ಆಕ್ಟೊಪಸ್ ಇರುತ್ತದೆ. ಇದನ್ನು ಹೇಳಿದಾಗ ಅವಳ ಮುಖದಲ್ಲಿ ದೊಡ್ಡ ಸಮಾಧಾನವೇನೂ ಕಾಣಲಿಲ್ಲ.

ಈಗ ಜಿ250 ವಿಷಯ. ಏಳು ವರ್ಷದಲ್ಲಿ ನೂರಹತ್ತು ಡೈವ್ ಆಗಿದೆ. ಹೆಚ್ಚಿನವು ನೇತ್ರಾಣಿಯಲ್ಲಿ, ಉಳಿದವು ಅಂಡಮಾನಿನಲ್ಲಿ. ಉಸಿರಾಟ ಇವತ್ತಿಗೂ ಬೆಣ್ಣೆಯ ಹಾಗಿದೆ. ಎಡಗಡೆಯ ಗುಂಡಿ ತಿರುಗಿಸಿದರೆ ಉಸಿರೆಳೆಯುವ ಬಿಗಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ಪಕ್ಕ ನೀರಿಗೆ ಹಾರುವಾಗ ಅಲೆ ಜೋರಿದ್ದರೆ ಗುಂಡಿ ಬಿಗಿ ಮಾಡಿಕೊಳ್ಳುತ್ತೇನೆ, ಸುಮ್ನೆ ಗಾಳಿ ಸೋರುವುದಿಲ್ಲ. ಕೆಳಗಿಳಿದ ಮೇಲೆ ಸಡಿಲ ಮಾಡುತ್ತೇನೆ. 18 ಮೀಟರ್ ಕೆಳಗೆ ಗಾಳಿ ಮೇಲಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ದಟ್ಟ. ಬಾಡಿಗೆಯ ಕೆಲವು ರೆಗ್ಯುಲೇಟರ್‌ಗಳಲ್ಲಿ ಅಲ್ಲಿ ಸ್ಟ್ರಾ ಹಾಕಿ ಗಟ್ಟಿ ಲಸ್ಸಿ ಎಳೆದ ಹಾಗೆ ಆಗುತ್ತದೆ. ಇದರಲ್ಲಿ ನನಗೆ ಒಮ್ಮೆಯೂ ಹಾಗನ್ನಿಸಿಲ್ಲ. ಮುಖಭಾಗ ದೊಡ್ಡದು, ಈಗಿನ ಪುಟಾಣಿ ಮಾಡೆಲ್‌ಗಳ ಮುಂದೆ ಇಡ್ಲಿ ತಟ್ಟೆಯಂತೆ ಕಾಣುತ್ತದೆ. ಫೋಟೊದಲ್ಲಿ ಅರ್ಧ ಮುಖ ಮುಚ್ಚಿಹೋಗುತ್ತದೆ. ನನಗೆ ಅದೇ ಅನುಕೂಲ.

ಇದಕ್ಕಿಂತ ಮುಖ್ಯವಾದ ಮಾತು: ಜಿ250 ನಿಂತರೂ ಅದರ ವಂಶ ನಿಂತಿಲ್ಲ. ಈಗ ಮಾರಾಟದಲ್ಲಿರುವ ಜಿ260 ಅದರದೇ ಮುಂದುವರಿಕೆ. ಒಳಗಿನ ಕವಾಟದ ಪಾಪೆಟ್, ಆರಿಫಿಸ್‌ನಂಥ ಸವೆಯುವ ಭಾಗಗಳು ಬಹುಮಟ್ಟಿಗೆ ಹೊಂದುತ್ತವೆ. ಮೂರು ಸಲ ಸರ್ವಿಸ್ ಮಾಡಿಸಿದ್ದೇನೆ, ಸೆಕೆಂಡ್ ಸ್ಟೇಜ್‌ಗೆ ಒಮ್ಮೆಯೂ ಬಿಡಿಭಾಗಕ್ಕೆ ಪರದಾಡಲಿಲ್ಲ.

ಪರದಾಡಿದ್ದು ಫಸ್ಟ್ ಸ್ಟೇಜ್‌ಗೆ. ತಪ್ಪು ಪೂರ್ತಿ ನನ್ನದೇ. 2022ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಒಂದು ಸಂಜೆ ಡೈವ್ ಮುಗಿಸಿ, ಮಾತಾಡುತ್ತಾ, ಡಸ್ಟ್ ಕ್ಯಾಪ್ (ಫಸ್ಟ್ ಸ್ಟೇಜ್‌ಗೆ ಗಾಳಿ ಹೋಗುವ ಬಾಯಿಯ ಮುಚ್ಚಳ) ಸರಿಯಾಗಿ ಬಿಗಿಯದೆ, ತೊಳೆಯಲು ತೊಟ್ಟಿಯಲ್ಲಿ ಮುಳುಗಿಸಿಬಿಟ್ಟೆ. ಹತ್ತಾರು ಜನ ತಮ್ಮ ಸಾಮಾನು ಅದ್ದಿ ತೆಗೆದಿದ್ದ ತೊಟ್ಟಿ. ಅದರ ನೀರು ಹೆಸರಿಗೆ ಸಿಹಿನೀರು, ರುಚಿ ನೋಡಿದರೆ ಉಪ್ಪು. ಒಳಗೆ ನೀರು ಹೋದದ್ದು ಅವತ್ತು ಗೊತ್ತಾಗಲಿಲ್ಲ. ಮೂರು ತಿಂಗಳ ಮೇಲೆ ನೇತ್ರಾಣಿಗೆ ಹೊರಟಾಗ, ದೋಣಿಯಲ್ಲಿ ಸಿಲಿಂಡರ್ ತೆರೆದರೆ ಸೆಕೆಂಡ್ ಸ್ಟೇಜ್ ಸಣ್ಣಗೆ ಸುಯ್ಯ್ ಅನ್ನುತ್ತಿತ್ತು. ನಿಲ್ಲುವುದು, ಎರಡು ನಿಮಿಷ ಬಿಟ್ಟು ಮತ್ತೆ ಸುಯ್ಯ್. ಅವತ್ತು ಬಾಡಿಗೆಯದರಲ್ಲೇ ಇಳಿದೆ.

ಇದಕ್ಕೆ ಕ್ರೀಪ್ ಅನ್ನುತ್ತಾರೆ. ಎಂಕೆ10 ಪಿಸ್ಟನ್ ಮಾದರಿಯದು. ಟೊಳ್ಳು ಪಿಸ್ಟನ್‌ನ ಚೂಪು ಅಂಚು ಒಂದು ಚಿಕ್ಕ ಪ್ಲಾಸ್ಟಿಕ್ ಸೀಟಿನ ಮೇಲೆ ಕೂತು ಗಾಳಿ ತಡೆಯುತ್ತದೆ. ಸೀಟು ಸವೆದರೆ, ಅಥವಾ ನಡುವೆ ಉಪ್ಪಿನ ಕಣ ಕೂತರೆ ಗಾಳಿ ನುಸುಳುತ್ತದೆ. ಎರಡು ಸ್ಟೇಜ್‌ಗಳ ನಡುವಣ ಒತ್ತಡ ನಿಧಾನವಾಗಿ ಏರುತ್ತದೆ, ಕೊನೆಗೆ ಸೆಕೆಂಡ್ ಸ್ಟೇಜ್‌ನಿಂದ ಹೊರಬೀಳುತ್ತದೆ. ಸುಯ್ಯ್ ಕೇಳುವುದು ಬಾಯಿಯ ಹತ್ತಿರ, ಕಾಯಿಲೆ ಇರುವುದು ಸಿಲಿಂಡರ್ ಹತ್ತಿರ. ಬಿಚ್ಚಿ ನೋಡಿದಾಗ ಒಳಗಿನ ಫಿಲ್ಟರ್ ಹಸಿರಾಗಿತ್ತು.

ಸೀಟು ಅಂದರೆ ಕಿರುಬೆರಳ ಉಗುರಿನಷ್ಟಿರುವ ಒಂದು ತುಂಡು. ಅದಕ್ಕಾಗಿ ನಾಲ್ಕು ತಿಂಗಳು ಕಾದೆ. ಒಂದು ಅಂಗಡಿಯವರು ಡಬ್ಬಿ ತೆರೆಯುವ ಮೊದಲೇ "ಹಳೇ ಮಾಡೆಲ್ ಸರ್, ಮುಟ್ಟಲ್ಲ" ಅಂದರು. ಇನ್ನೊಬ್ಬರು ತೆಗೆದುಕೊಂಡು, ಆರು ವಾರ ಇಟ್ಟುಕೊಂಡು, ಅಂಥದ್ದೇ ಕಾಣುವ ಬೇರೆ ಸೀಟು ಹಾಕಿ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಮತ್ತೆ ಸುಯ್ಯ್. ಓ-ರಿಂಗ್ (ಸೋರದಂತೆ ಕೂರಿಸುವ ರಬ್ಬರ್ ಉಂಗುರ) ಆದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೂ ಹುಡುಕಬಹುದು. ಸಿಲಿಂಡರ್ ಬಾಯಿಗೆ ಯೋಕ್ (ಫಸ್ಟ್ ಸ್ಟೇಜನ್ನು ಸಿಲಿಂಡರ್‌ಗೆ ಬಿಗಿಯುವ ಹಿಡಿ) ಕೂರುವ ಕಡೆಯದು 014 ಅನ್ನುವ ಮಾಮೂಲಿ ಅಳತೆ. ಸೀಟು ಹಾಗಲ್ಲ. ಕೊನೆಗೆ ದುಬೈನಲ್ಲಿರುವ ನನ್ನ ಚಿಕ್ಕಪ್ಪನ ಮಗ ಸರಿಯಾದ ಬಿಡಿಭಾಗಗಳ ಕಿಟ್ ಹುಡುಕಿ ತಂದುಕೊಟ್ಟ. ಪುದುಚೇರಿಯ ಒಬ್ಬ ಮೆಕ್ಯಾನಿಕ್ ಕೂರಿಸಿಕೊಟ್ಟರು. ಅವರು ಪಿಸ್ಟನ್ ಅಂಚನ್ನು ಭೂತಗನ್ನಡಿಯಲ್ಲಿ ತೋರಿಸಿ, "ಇದರಲ್ಲಿ ಗೀರು ಬಿದ್ದರೆ ಸೀಟು ಬದಲಿಸಿ ಪ್ರಯೋಜನ ಇಲ್ಲ" ಅಂದರು. ಗೀರು ಶುರುವಾಗಿತ್ತು.

ಒಂದು ವರ್ಷ ನಡೆಯಿತು. 2024ರಲ್ಲಿ ಎಂಕೆ10ಗೆ ವಿದಾಯ ಹೇಳಿ, ಈಗಲೂ ಮಾರಾಟದಲ್ಲಿರುವ ಎಂಕೆ25 ಇವೊ ಹೊಸದೇ ತಗೊಂಡೆ. ಸೆಕೆಂಡ್ ಸ್ಟೇಜ್ ಮಾತ್ರ ಅದೇ ಜಿ250. ಹೊಸ ತಲೆ, ಹಳೇ ಬಾಯಿ. ಈ ಜೋಡಿ ಈಗ ಎರಡನೇ ಸೀಸನ್‌ನಲ್ಲಿದೆ, ತಕರಾರಿಲ್ಲ. ಎಂಕೆ10 ಅಟ್ಟದಲ್ಲಿದೆ. ಮಾರಲು ಮನಸ್ಸಿಲ್ಲ, ಬಳಸಲು ಧೈರ್ಯವಿಲ್ಲ.

ಹಣದ ಲೆಕ್ಕ ಕೇಳುವವರಿಗೆ: ಕೊಂಡದ್ದು 16 ಸಾವಿರ. ಸರ್ವಿಸ್, ಕಿಟ್, ಹೊಸ ಹೋಸ್‌ಗಳು (ಗಾಳಿಯ ಕೊಳವೆಗಳು), ಕೊರಿಯರ್ ಸೇರಿ ಇನ್ನೊಂದು 27 ಸಾವಿರ. ಅಂದರೆ ವಸ್ತುವಿಗಿಂತ ಅದರ ಸೇವೆಗೇ ಜಾಸ್ತಿ. ಹೋಸ್ ವಿಷಯದಲ್ಲಿ ಜಿಪುಣತನ ಬೇಡ. ಹೊರಗೆ ಚೆನ್ನಾಗಿ ಕಂಡರೂ ರಬ್ಬರ್ ಬುಡದಲ್ಲಿ ಬಿರುಕು ಬಿಟ್ಟಿರುತ್ತದೆ. ಬಗ್ಗಿಸಿ ನೋಡಿದರೆ ಗೊತ್ತಾಗುತ್ತದೆ. ನಾನಂತೂ ಬಂದ ವಾರವೇ ಎಲ್ಲ ಬದಲಿಸಿದೆ.

ವರ್ಷಕ್ಕೆ ಎರಡು ಮೂರು ಸಲ ನೇತ್ರಾಣಿಗೆ ಹೋಗಿ ಬರುವವರಾದರೆ ಹಳತೂ ಬೇಡ, ಹೊಸತೂ ಬೇಡ. ಅಲ್ಲಿ ಡೈವ್‌ನ ದರದಲ್ಲೇ ಸಾಮಾನಿನ ಬಾಡಿಗೆಯೂ ಸೇರಿರುತ್ತದೆ. ಮಳೆಗಾಲದಲ್ಲಿ ಹೇಗೂ ಬಂದ್. ವರ್ಷದಲ್ಲಿ ಮುಕ್ಕಾಲು ಪಾಲು ರೆಗ್ಯುಲೇಟರ್ ಕಪಾಟಿನಲ್ಲೇ ಇರುತ್ತದೆ, ಕಪಾಟಿನಲ್ಲಿದ್ದರೂ ಹಾಳಾಗುತ್ತದೆ. ಕೊರೊನಾ ಹೊತ್ತಿನಲ್ಲಿ ನನ್ನದು ಎರಡು ವರ್ಷ ಹಾಗೇ ಇತ್ತು. ತೆಗೆದಾಗ ಸೆಕೆಂಡ್ ಸ್ಟೇಜ್ ಒಳಗಿನ ರಬ್ಬರ್ ಸೀಟಿನಲ್ಲಿ ಆಳವಾದ ಗೆರೆ. ಗುಂಡಿಯನ್ನು ಬಿಗಿ ಮಾಡಿಟ್ಟಿದ್ದೆ, ಸ್ಪ್ರಿಂಗ್ ಎರಡು ವರ್ಷ ಒತ್ತುತ್ತಲೇ ಇತ್ತು. ಎತ್ತಿಡುವಾಗ ಗುಂಡಿಯನ್ನು ಪೂರ್ತಿ ಸಡಿಲ ಮಾಡಿ ಇಡಬೇಕು ಅಂತ ಆಮೇಲೆ ಕಲಿತೆ.

ಇಷ್ಟೆಲ್ಲ ಕೇಳಿಯೂ ಕೊಳ್ಳಬೇಕು ಅಂದರೆ ಹೀಗೆ ಮಾಡಿ. ದುಡ್ಡು ಕೊಡುವ ಮೊದಲು, ಸರ್ವಿಸ್ ಮಾಡುವವರಿಗೆ ಮಾಡೆಲ್ ಫೋಟೊ ಕಳಿಸಿ, ಕಿಟ್ ಕೈಯಲ್ಲಿದೆಯಾ ಕೇಳಿ. "ತರಿಸಬಹುದು" ಅಂದರೆ ಇಲ್ಲ ಅಂತಲೇ ತಿಳಿಯಿರಿ. ಕೈಗೆ ಸಿಕ್ಕಾಗ ಡಸ್ಟ್ ಕ್ಯಾಪ್ ಬಿಗಿದು, ಸಿಲಿಂಡರ್ ಇಲ್ಲದೆ ಬಾಯಿಂದ ಎಳೆಯಿರಿ. ಗಾಳಿ ಬರಬಾರದು. ಬಂದರೆ ಡಯಾಫ್ರಮ್ಮೋ (ಒಳಗಿನ ರಬ್ಬರ್ ಪೊರೆ) ಉಸಿರು ಹೊರಹೋಗುವ ಕವಾಟವೋ ಸೋರುತ್ತಿದೆ. ಆಮೇಲೆ ಸಿಲಿಂಡರ್‌ಗೆ ಹಾಕಿ, ಬಿಸಿಡಿಯ (ಗಾಳಿ ತುಂಬಿ ತೇಲಲು ಹಾಕುವ ಜಾಕೆಟ್‌ನ) ಹೋಸ್‌ಗೆ ಒಂದು ಪ್ರೆಶರ್ ಗೇಜ್ ಸಿಕ್ಕಿಸಿ ಐದು ಹತ್ತು ನಿಮಿಷ ನೋಡುತ್ತಾ ಕೂರಿ. ಮುಳ್ಳು 135-145 ಪಿಎಸ್‌ಐ, ಅಂದರೆ ಮೇಲೆ ಹೇಳಿದ 9-10 ಬಾರ್, ಆಸುಪಾಸಿನಲ್ಲಿ ಗಪ್ಪಂತ ನಿಲ್ಲಬೇಕು. ಮೆಲ್ಲಗೆ ಏರುತ್ತಲೇ ಹೋದರೆ ನನ್ನ ಕಥೆಯೇ ನಿಮ್ಮ ಕಥೆ. ತುಂಬಾ ಹಳೆಯ ಫಸ್ಟ್ ಸ್ಟೇಜ್ ಆದರೆ ಇನ್ನೊಂದು ಪೇಚು. ಹೈ ಪ್ರೆಶರ್ ಪೋರ್ಟ್ (ಹೋಸ್ ತಿರುಗಿಸಿ ಕೂರಿಸುವ ತೂತು) ಕೂಡ ಲೋ ಪ್ರೆಶರ್‌ನ ಅಳತೆಯದೇ, 3/8 ಇಂಚಿನದು, ಇರುತ್ತದೆ. ಈಗಿನದು 7/16. ಗೊತ್ತಿಲ್ಲದೆ ಲೋ ಪ್ರೆಶರ್ ಹೋಸನ್ನು ಹೈ ಪ್ರೆಶರ್ ಕಡೆ ತಿರುಗಿಸಿದರೆ ಹೋಸ್ ಸಿಡಿಯಬಹುದು.

ಹೆಚ್ಚು ಡೈವ್ ಮಾಡುವವರು, ಸೀಸನ್‌ಗೆ ಇಪ್ಪತ್ತು ಮೂವತ್ತು ಸಲ ಇಳಿಯುವವರು, ಸೆಕೆಂಡ್ ಸ್ಟೇಜ್ ಮಾತ್ರ ಹಳತು ಕೊಳ್ಳಬಹುದು, ಅದರಲ್ಲೂ ಜಿ250 ಆದರೆ ಕಣ್ಣುಮುಚ್ಚಿ ಅಲ್ಲ, ಕಣ್ಣುಬಿಟ್ಟೇ ಧೈರ್ಯವಾಗಿ. ಫಸ್ಟ್ ಸ್ಟೇಜ್ ಹೊಸದಿರಲಿ. ಐದಕ್ಕೆ ನನ್ನ ಅಂಕ: ಜಿ250ಗೆ ನಾಲ್ಕೂವರೆ, ಎಂಕೆ10ಗೆ ಎರಡೂವರೆ. ಆ ಎರಡೂವರೆಯಲ್ಲಿ ಎಂಕೆ10ನ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ ಕಳೆದಿದೆ.

ಗೆಳೆಯನಿಗೆ ಕೊನೆಗೆ ಒಂದು ಕೆಲಸ ಹೇಳಿದೆ. ಅವನು ನೋಡಿದ ಸೆಟ್‌ನಲ್ಲಿ ಫಸ್ಟ್ ಸ್ಟೇಜೂ ಇದೆ. ಅದರ ಯೋಕ್ ಬಾಯಲ್ಲಿ ಒಳಗೆ ಕಾಣುವ ಫಿಲ್ಟರ್‌ನ ಫೋಟೊ ತರಿಸು ಅಂದೆ, ಹಗಲು ಬೆಳಕಿನಲ್ಲಿ ತೆಗೆದದ್ದು. ಹೊಳೆಯುತ್ತಿದ್ದರೆ ಸರಿ. ಹಸಿರಿದ್ದರೆ ಉಪ್ಪುನೀರು ಹೋಗಿದೆ. ಕೆಂಪು ಕಂದು ಇದ್ದರೆ ಯಾವುದೋ ಉಕ್ಕಿನ ಸಿಲಿಂಡರ್‌ನ ತುಕ್ಕು. ಮಾರುವವರು ಇಲ್ಲಿಯವರೆಗೆ ಹೊರಗಿನ ಫೋಟೊ ಹನ್ನೊಂದು ಕಳಿಸಿದ್ದಾರಂತೆ, ಒಂದಕ್ಕಿಂತ ಒಂದು ಚೆನ್ನಾಗಿದೆ. ಫಿಲ್ಟರ್‌ನದು ಇನ್ನೂ ಬಂದಿಲ್ಲ.