ಪೆಟ್ ಸ್ಕ್ಯಾನಿಗೆ ಇನ್ಶೂರೆನ್ಸ್ ‘ಇಲ್ಲ’ ಎಂದಾಗ: ಡಾಕ್ಟರ ಫೋನೋ, ಅಪೀಲೋ, ಹೊರಗಿನ ರಿವ್ಯೂನೋ?

ಅಮೆರಿಕದಲ್ಲಿ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರು) ಪೆಟ್ ಸ್ಕ್ಯಾನ್ (ದೇಹದಲ್ಲಿ ಕ್ಯಾನ್ಸರ್ ಎಲ್ಲಿದೆ ಎಂದು ನೋಡುವ ಪರೀಕ್ಷೆ) ಬರೆದುಕೊಟ್ಟ ಮಾತ್ರಕ್ಕೆ ಅದು ಆಗುವುದಿಲ್ಲ. ಸಾಮಾನ್ಯವಾಗಿ ಇನ್ಶೂರೆನ್ಸಿನವರ ಪ್ರಯರ್ ಆಥರೈಸೇಶನ್, ಅಂದರೆ ಮುಂಚಿತ ಅನುಮತಿ, ಬೇಕು. ಅವರು ಒಲ್ಲೆ ಎಂದರೆ ಮೂರು ದಾರಿಗಳಿವೆ. ಯಾವುದನ್ನು ಹಿಡಿಯಬೇಕು ಅನ್ನುವುದಕ್ಕೆ ಡಿನಯಲ್ (ನಿರಾಕರಣೆ) ಪತ್ರದಲ್ಲಿ ಕಾರಣ ಬರೆದ ಆ ಒಂದು ಸಾಲನ್ನು ನೋಡಬೇಕು, ಉಳಿದದ್ದೆಲ್ಲ ಅಚ್ಚು ಹಾಕಿಟ್ಟ ಮಾತು.

‘ಮಾಹಿತಿ ಸಾಲದು’ ಎಂದಿದ್ದರೆ ಮೂರೂ ಬೇಡ. ಕ್ಲಿನಿಕ್‌ನವರು ಹಿಂದಿನ ಸಿಟಿ ವರದಿಯನ್ನೋ ಬಯಾಪ್ಸಿಯನ್ನೋ ಲಗತ್ತಿಸದೆ ಬಿಟ್ಟಿರುತ್ತಾರೆ. ಅದನ್ನು ಸೇರಿಸಿ ಅರ್ಜಿ ಮತ್ತೆ ಕಳಿಸಿದರೆ ಸಾಮಾನ್ಯವಾಗಿ ಸಾಕು. ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಎಂದಿದ್ದರೆ ಮಾತ್ರ ಜಗಳಕ್ಕೆ ಇಳಿಯಬೇಕು.

ಮೊದಲನೆಯದು ಪೀರ್-ಟು-ಪೀರ್: ನಮ್ಮ ಡಾಕ್ಟರು ಇನ್ಶೂರೆನ್ಸ್ ಕಂಪನಿಯ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡುವುದು. ಕೆಲಸವಾದರೆ ಇಷ್ಟು ಬೇಗ ಮುಗಿಯುವ ದಾರಿ ಬೇರೆ ಇಲ್ಲ, ಕೆಲವೊಮ್ಮೆ ಅದೇ ಕರೆಯಲ್ಲಿ ಅನುಮತಿ ಸಿಕ್ಕಿಬಿಡುತ್ತದೆ. ಕೆಡುವುದು ಎರಡು ಕಡೆ. ಅತ್ತ ಕೂತವರು ಆಂಕಾಲಜಿಸ್ಟೇ ಆಗಿರಬೇಕೆಂದಿಲ್ಲ. ಇತ್ತ ನಮ್ಮ ಡಾಕ್ಟರು ರೋಗಿಗಳ ನಡುವೆ ಸಿಕ್ಕ ಐದು ನಿಮಿಷದಲ್ಲಿ ಫೈಲು ತಿರುವುತ್ತಾ ಮಾತಾಡುತ್ತಾರೆ. ಆದ್ದರಿಂದ ನರ್ಸ್ ಕೈಗೆ ಒಂದೇ ಪುಟದ ಚೀಟಿ ಕೊಡಿ. ಕ್ಯಾನ್ಸರ್ ಯಾವುದು, ಹಂತ ಎಷ್ಟು, ಯಾವ ತಾರೀಖಿನಿಂದ ಯಾವ ಕೀಮೋ ನಡೆದಿದೆ, ಸಿಟಿ ವರದಿಯಲ್ಲಿ ರೇಡಿಯಾಲಜಿಸ್ಟ್ ‘ಖಚಿತವಾಗಿ ಹೇಳಲಾಗದು’ ಎಂದು ಬರೆದ ವಾಕ್ಯ ಇದ್ದರೆ ಅದು, ಎನ್‌ಸಿಸಿಎನ್ (ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟ) ಮಾರ್ಗಸೂಚಿಯ ಯಾವ ಪುಟ, ಎಲ್ಲಕ್ಕಿಂತ ಮುಖ್ಯವಾಗಿ ಸ್ಕ್ಯಾನಿನ ಫಲಿತಾಂಶ ನೋಡಿ ಚಿಕಿತ್ಸೆಯಲ್ಲಿ ಏನು ಬದಲಾಗಲಿದೆ. ಈ ಕೊನೆಯದಕ್ಕೆ ಉತ್ತರವಿಲ್ಲದಿದ್ದರೆ ಕರೆ ಸೋತಂತೆಯೇ. ಪ್ರೊಸೀಜರ್ ಕೋಡನ್ನೂ (ಅರ್ಜಿ, ಬಿಲ್ಲುಗಳಲ್ಲಿ ಪರೀಕ್ಷೆಯನ್ನು ಗುರುತಿಸುವ ಸಂಖ್ಯೆ) ನೋಡಿಕೊಳ್ಳಿ: ತಲೆಬುರುಡೆಯ ಬುಡದಿಂದ ತೊಡೆಯ ಮಧ್ಯದವರೆಗಿನ ಪೆಟ್-ಸಿಟಿಗೆ 78815, ಇಡೀ ದೇಹಕ್ಕೆ 78816. ಅನುಮತಿ ಒಂದಕ್ಕೆ ಸಿಕ್ಕು ಸ್ಕ್ಯಾನ್ ಇನ್ನೊಂದು ಆದರೆ ಬಿಲ್ ನಮ್ಮ ತಲೆಗೆ ಬರಬಹುದು.

ಪೀರ್-ಟು-ಪೀರ್ ಗಡುವು ಕಂಪನಿಯಿಂದ ಕಂಪನಿಗೆ ಬೇರೆ, ಬಹಳ ಕಡೆ ಕೆಲವೇ ದಿನ. ಅಪೀಲು ದಾಖಲಾದ ಮೇಲೆ ಈ ಬಾಗಿಲು ಮುಚ್ಚುವ ಕಂಪನಿಗಳೂ ಇವೆ. ಹಾಗಾಗಿ ಫೋನು ಮೊದಲು.

ಎರಡನೆಯದು ಒಳಗಿನ ಅಪೀಲು: ತೀರ್ಮಾನವನ್ನು ಮತ್ತೆ ನೋಡಿ ಎಂದು ಇನ್ಶೂರೆನ್ಸ್ ಕಂಪನಿಗೇ ಬರೆದು ಕೇಳುವುದು. ಖಾಸಗಿ ಪ್ಲಾನುಗಳಲ್ಲಿ ಸಾಮಾನ್ಯವಾಗಿ ನಿರಾಕರಣೆ ಕೈಸೇರಿದ ಮೇಲೆ 180 ದಿನ ಸಮಯವಿದೆ. ಆಗಬೇಕಾದ ಸ್ಕ್ಯಾನಿನ ಅಪೀಲನ್ನು ಅವರು 30 ದಿನದೊಳಗೆ ಮುಗಿಸಬೇಕು, ತುರ್ತಾದರೆ 72 ಗಂಟೆಯೊಳಗೆ. ತುರ್ತು ಎಂದು ನಾವು ಹೇಳಿದರೆ ಅವರು ಒಪ್ಪದೇ ಇರಬಹುದು. ಚಿಕಿತ್ಸೆ ಕೊಡುವ ಡಾಕ್ಟರೇ ಹಾಗೆಂದರೆ ಹಾಗೇ ಪರಿಗಣಿಸಬೇಕು. ಪತ್ರದಲ್ಲಿ ‘ತುರ್ತು’ ಎಂಬ ಪದ ಮರೆತರೆ ಒಂದು ತಿಂಗಳು ಹೋಯಿತೆಂದೇ ಲೆಕ್ಕ, ಕ್ಯಾನ್ಸರಿಗೆ ಅದು ಸಣ್ಣ ಅವಧಿಯಲ್ಲ. ನಿಮ್ಮ ಕ್ಲೇಮ್ ಫೈಲನ್ನೂ ಅವರು ಬಳಸಿದ ಮಾನದಂಡದ ಪ್ರತಿಯನ್ನೂ ಬರವಣಿಗೆಯಲ್ಲಿ ಕೇಳಿ, ದುಡ್ಡಿಲ್ಲದೆ ಕೊಡಬೇಕು. ಆ ಮಾನದಂಡದ ಒಂದೊಂದು ಷರತ್ತಿಗೂ ನಿಮ್ಮ ವರದಿಯ ಸಾಲನ್ನು ಎದುರಿಗಿಟ್ಟು ಬರೆದ ಅಪೀಲು ಗೋಳು ತೋಡಿಕೊಂಡ ಪತ್ರಕ್ಕಿಂತ ಎಷ್ಟೋ ಗಟ್ಟಿ. ಫ್ಯಾಕ್ಸ್ ಕಳಿಸಿದರೆ ರಸೀತಿ ಪುಟ ಎತ್ತಿಡಿ. ‘ನಮಗೆ ಬಂದೇ ಇಲ್ಲ’ ಅನ್ನುವುದು ಅಲ್ಲಿ ಮಾಮೂಲಿ ಉತ್ತರ.

ಮೂರನೆಯದು ಹೊರಗಿನ ರಿವ್ಯೂ: ಕಂಪನಿಗೆ ಸೇರದ ಸ್ವತಂತ್ರ ಪರಿಶೀಲಕರು ನಿರಾಕರಣೆಯನ್ನು ಮತ್ತೆ ನೋಡುವುದು. ಒಳಗಿನ ಅಂತಿಮ ನಿರಾಕರಣೆಯ ನಂತರ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಬೇಕು. ಮಾಮೂಲಿ ತೀರ್ಪಿಗೆ 45 ದಿನ, ತುರ್ತಿಗೆ 72 ಗಂಟೆ. ನಿಧಾನ ನಿಜ, ಆದರೆ ಮೂರರಲ್ಲಿ ಕಂಪನಿ ತಲೆಬಾಗಲೇಬೇಕಾದ ಹೊರಗಿನವರ ತೀರ್ಪು ಇದೊಂದೇ. ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಸಂಗತಿ: ತುರ್ತು ಪ್ರಕರಣದಲ್ಲಿ ಒಳಗಿನದರ ಜೊತೆಗೇ ಇದನ್ನೂ ಹಾಕಬಹುದು. ಆದರೆ ಸೌಲಭ್ಯವೇ ಪ್ಲಾನಿನಲ್ಲಿಲ್ಲ ಎಂಬ ನಿರಾಕರಣೆಗೆ ಇದು ಉಪಯೋಗವಿಲ್ಲ, ಇದು ಇರುವುದು ಮುಖ್ಯವಾಗಿ ವೈದ್ಯಕೀಯ ತೀರ್ಮಾನದ ತಕರಾರಿಗೆ.

ಕೆಲಸದ ಕಂಪನಿಯ ಪ್ಲಾನ್ ಸೆಲ್ಫ್-ಫಂಡೆಡ್ ಆಗಿದ್ದರೆ ಎಚ್‌ಆರ್‌ನವರನ್ನೂ ಕೇಳಿ. ಅಂಥ ಪ್ಲಾನಿನಲ್ಲಿ ಖರ್ಚಾಗುವ ಹಣ ಕೆಲಸ ಕೊಟ್ಟ ಕಂಪನಿಯದೇ, ಕಾರ್ಡಿನ ಮೇಲೆ ಹೆಸರಿರುವ ಇನ್ಶೂರೆನ್ಸಿನವರು ಬರೀ ಲೆಕ್ಕ ನೋಡುವವರು. ಇಂಥ ಪ್ಲಾನಿನ ಮೇಲೆ ದೂರು ಹೋಗುವುದು ಫೆಡರಲ್ ಕಾರ್ಮಿಕ ಇಲಾಖೆಗೆ, ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ಅಲ್ಲ. ಊರಿಂದ ಬಂದ ಅಪ್ಪ-ಅಮ್ಮನಿಗೆ ಕೊಂಡ ವಿಸಿಟರ್ ಇನ್ಶೂರೆನ್ಸಿಗಂತೂ ಸಾಮಾನ್ಯವಾಗಿ ಈ ಯಾವ ಗಡುವೂ ಅನ್ವಯಿಸುವುದಿಲ್ಲ. ಅಲ್ಲಿ ಪಾಲಿಸಿಯ ಕಾಗದದಲ್ಲಿ ಏನಿದೆಯೋ ಅಷ್ಟೇ.